ನೂಲಿಲ್ಲದ ಊರ್ಣನಾಭ



ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದವರಿಗೆ ಒಂದು ವಿಧದ ಸಾಲಬಾಧೆ ಉಂಟು. ಹಣದ ಸಾಲವಾದರೆ ಕೊಟ್ಟವನು ಬಂದು ಬಾಗಿಲು ತಟ್ಟುವನು. ತರಗತಿಯಲ್ಲಿ ಮಕ್ಕಳು ಕೇಳಿ, ನಾವು ಉತ್ತರಿಸದೆ ಬಿಟ್ಟ ಪ್ರಶ್ನೆಗಳಾದರೋ ರಾತ್ರಿ ನಿದ್ರೆ ಬಾರದಿರುವಾಗ ತಾವಾಗಿಯೇ ಎದ್ದು ಬರುವುವು. ಅಂತಹ ಹಳೆಯ ಸಾಲವೊಂದನ್ನು ಈ ತಿಂಗಳು ತೀರಿಸಬೇಕೆಂದು ನಮ್ಮ ಉದ್ದೇಶ.

ನಾವು ಮಲೆನಾಡಿನ ಒಂದು ಹಳ್ಳಿಯ ಶಾಲೆಯಲ್ಲಿದ್ದ ಕಾಲ. ಆಷಾಢದ ಮಳೆ ಹಿಡಿದು ಎಂಟು ದಿನಗಳಾಗಿದ್ದುವು. ಪಾಠಶಾಲೆಯ ಹಿಂದಿನ ಗೋಡೆಯ ಮೇಲೆ, ಸೂರಿನ ಕೆಳಗೆ, ಕೂದಲೆಳೆಯಂಥ ಉದ್ದುದ್ದ ಕಾಲುಗಳುಳ್ಳ ಹತ್ತಿಪ್ಪತ್ತು ಜೀವಿಗಳು ಒಂದಕ್ಕೊಂದು ಹೆಣೆದುಕೊಂಡು ಕುಳಿತಿದ್ದುವು. ಮಕ್ಕಳು ಹತ್ತಿರ ಹೋದೊಡನೆ ಅವೆಲ್ಲವೂ ಒಮ್ಮೆಗೇ ಮೇಲಕ್ಕೂ ಕೆಳಕ್ಕೂ ಕುಲುಕಾಡತೊಡಗಿದುವು. ನಾವು, “ದೂರ ಸರಿಯಿರಿ, ಅದು ವಿಷದ ಜೇಡ” ಎಂದು ಗದರಿಸಿ, ಪೊರಕೆಯಿಂದ ಗುಡಿಸಿಬಿಡುವಂತೆ ಒಬ್ಬ ಹುಡುಗನಿಗೆ ಅಪ್ಪಣೆ ಮಾಡಿದೆವು. ಹುಡುಗನು ಗುಡಿಸಿದನು. ಕೆಲವು ಸತ್ತುವು, ಕೆಲವು ಓಡಿಹೋದುವು. ಓಡಿದವುಗಳಲ್ಲೊಂದು ತನ್ನ ಎರಡು ಕಾಲುಗಳನ್ನು ನೆಲದ ಮೇಲೆಯೇ ಬಿಟ್ಟುಹೋಗಿತ್ತು. ಆ ಕಾಲುಗಳು ಬಹಳ ಹೊತ್ತಿನವರೆಗೆ ಮಡಿಸಿ ಚಾಚುತ್ತ ಬಿದ್ದಿದ್ದುವು. ಹುಡುಗನು ಪೊರಕೆಯನ್ನು ಹಿಡಿದೇ ಕುಕ್ಕುರುಗಾಲಿನಲ್ಲಿ ಕುಳಿತು ಅವನ್ನು ನೋಡಿ, “ಹುಳ ಅಲ್ಲಿ ಓಡಿಹೋಯ್ತಲ್ಲ ಮೇಷ್ಟ್ರೇ, ಮತ್ತೆ ಇಲ್ಲಿ ಕಾಲನ್ನು ಆಡಿಸ್ತಾ ಇರೋದು ಯಾರು?” ಎಂದು ಕೇಳಿದನು.

ಉಪನಿಷತ್ತಿನ ಶಿಷ್ಯನು ಕೇಳತಕ್ಕ ಪ್ರಶ್ನೆ ಅದು. ನಾವೋ, “ಸುಮ್ಮನೆ ಹೋಗಿ ಕೂತುಕೋ” ಎಂದೆವು. ಏಕೆಂದರೆ ಉತ್ತರವು ನಮಗೆ ತಿಳಿದಿರಲಿಲ್ಲ.

ಈಗ ತಿಳಿದಿದೆ. ಆ ಉತ್ತರವನ್ನು ಹುಡುಕುತ್ತ ಹೋದ ನಮಗೆ ಅದಕ್ಕಿಂತ ದೊಡ್ಡದಾದ ಮತ್ತೊಂದು ವಿಷಯವೂ ದೊರೆಯಿತು. ಎರಡನ್ನೂ ಅನುಕ್ರಮವಾಗಿ ನಿವೇದಿಸುವೆವು.

ಮೊದಲನೆಯದಾಗಿ, ಅದು ಜೇಡವೇ ಅಲ್ಲ. ಅಮರಕೋಶದಲ್ಲಿ ಜೇಡಕ್ಕೆ ಲೂತಾ, ತಂತುವಾಯ, ಊರ್ಣನಾಭ, ಮರ್ಕಟಕ ಎಂದು ನಾಲ್ಕು ಹೆಸರುಗಳಿವೆ. ತಂತುವಾಯನೆಂದರೆ ನೇಯುವವನು, ಊರ್ಣನಾಭನೆಂದರೆ ಹೊಕ್ಕುಳಲ್ಲಿ ನೂಲುಳ್ಳವನು. ನಾವು ಕಂಡ ಪ್ರಾಣಿಗಾದರೋ ಹೊಕ್ಕುಳಲ್ಲಿ ನೂಲೂ ಇಲ್ಲ, ಬಾಯಲ್ಲಿ ವಿಷವೂ ಇಲ್ಲ. ಜೇಡ, ಚೇಳು, ಉಣ್ಣೆ ಇವುಗಳಂತೆ ಎಂಟು ಕಾಲಿನ ಪ್ರಾಣಿಗಳ ಮಹಾಕುಟುಂಬಕ್ಕೆ ಸೇರಿದ್ದರೂ ಇದರ ಮನೆತನವೇ ಬೇರೆ. ಇಂಗ್ಲೆಂಡಿನಲ್ಲಿ ಸುಗ್ಗಿಯ ಕಾಲದಲ್ಲಿ ಹೆಚ್ಚಾಗಿ ಕಾಣುವುದರಿಂದ ಅಲ್ಲಿನ ಜನರು ಇದನ್ನು ‘ಹಾರ್ವೆಸ್ಟ್‌ಮನ್’, ಎಂದರೆ ಸುಗ್ಗಿಯಾಳು, ಎಂದು ಕರೆದರು. ಸ್ವೀಡನ್ ದೇಶದ ಸುಂಡೆವಾಲ್ ಎಂಬ ವಿದ್ವಾಂಸನು ೧೮೩೩ರಲ್ಲಿ ಈ ಮನೆತನಕ್ಕೆ ‘ಒಪಿಲಿಯೋನೀಸ್’ ಎಂದು ನಾಮಕರಣ ಮಾಡಿದನು. ಲ್ಯಾಟಿನ್ ಭಾಷೆಯಲ್ಲಿ ಒಪಿಲಿಯೋ ಎಂದರೆ ಕುರುಬನು. ನಮ್ಮ ಅನುಕೂಲಕ್ಕಾಗಿ ನಾವು ಇದನ್ನು ‘ದೀರ್ಘಪಾದಿ’ ಎಂದು ಕರೆಯುವೆವು. ಈ ಹೆಸರು ಯಾವ ಕೋಶದಲ್ಲಿಯೂ ಇಲ್ಲ, ಈ ಲೇಖನದ ಮಟ್ಟಿಗೆ ಮಾತ್ರ ನಾವು ಇಟ್ಟುಕೊಂಡದ್ದು.

ಜೇಡಕ್ಕೂ ದೀರ್ಘಪಾದಿಗೂ ಇರುವ ವ್ಯತ್ಯಾಸವನ್ನು ಮನೆಯ ಮಕ್ಕಳೂ ಸುಲಭವಾಗಿ ಗುರುತಿಸಬಹುದು. ಜೇಡದ ಮೈಯಲ್ಲಿ ಮುಂಭಾಗಕ್ಕೂ ಹೊಟ್ಟೆಗೂ ನಡುವೆ ಸಣ್ಣ ಸೊಂಟವುಂಟು. ದೀರ್ಘಪಾದಿಗೆ ಸೊಂಟವಿಲ್ಲ, ಮೈಯೆಲ್ಲ ಒಂದೇ ಕಾಳಿನಂತೆ ಕಾಣುವುದು. ಜೇಡಗಳಿಗೆ ಸಾಮಾನ್ಯವಾಗಿ ಎಂಟು ಕಣ್ಣುಗಳು. ಇದಕ್ಕೆ ಎರಡೇ, ಅವೂ ಬೆನ್ನಿನ ಮೇಲಣ ಒಂದು ಸಣ್ಣ ಗುಬ್ಬಿಯ ಎರಡು ಪಾರ್ಶ್ವಗಳಲ್ಲಿ. ನಮ್ಮ ಮನೆಗಳ ಜಂತೆಯ ಮೂಲೆಯಲ್ಲಿ ಬಲೆ ಕಟ್ಟಿಕೊಂಡು, ಮುಟ್ಟಿದರೆ ಗಿರಗಿರನೆ ಅಲುಗಾಡುವ ಉದ್ದ ಕಾಲಿನ ಪ್ರಾಣಿಯೊಂದುಂಟಷ್ಟೆ? ಅದು ನಿಜವಾದ ಜೇಡವೇ, ದೀರ್ಘಪಾದಿಯಲ್ಲ. ಬಲೆಯಿದ್ದಲ್ಲಿ ದೀರ್ಘಪಾದಿಯಿಲ್ಲವೆಂಬ ಒಂದೇ ಸೂತ್ರವನ್ನು ನೆನಪಿಟ್ಟರೆ ಸಾಕು.

ಇನ್ನು ವಿಷದ ಮಾತು. ಲೋಕದಲ್ಲಿ ಎಲ್ಲಕ್ಕಿಂತ ಘೋರವಾದ ವಿಷವು ಈ ಪ್ರಾಣಿಯಲ್ಲಿದೆಯೆಂದೂ, ಹಲ್ಲು ಚಿಕ್ಕದಾದ್ದರಿಂದ ಮನುಷ್ಯನು ಬದುಕಿಕೊಂಡಿರುವನೆಂದೂ ಅನೇಕ ದೇಶಗಳಲ್ಲಿ ಹೇಳುವುದುಂಟು. ಇದು ಶುದ್ಧ ಅಪವಾದ. ದೀರ್ಘಪಾದಿಗಳಿಗೆ ವಿಷದ ಗ್ರಂಥಿಗಳೇ ಇಲ್ಲ. ಇಲ್ಲದ ವಿಷವು ಘೋರವಾಗುವುದು ಹೇಗೆ? ಜೇಡವು ತನ್ನ ಬೇಟೆಯನ್ನು ಕರಗಿಸಿ ರಸವನ್ನು ಹೀರುವುದು. ದೀರ್ಘಪಾದಿಯಾದರೋ ಚಿಮಟದಂಥ ಬಾಯಂಗಗಳಿಂದ ಆಹಾರವನ್ನು ಚೂರುಚೂರಾಗಿ ಕಿತ್ತು ನುಂಗುವುದು. ಸಣ್ಣ ಹುಳುಗಳು, ಬಸವನಹುಳು, ಸತ್ತ ಕೀಟಗಳು, ಅಣಬೆ, ಬಿದ್ದ ಹಣ್ಣು ಹೀಗೆ ಸಿಕ್ಕಿದ್ದನ್ನು ತಿಂದು ಕಾಡಿನ ನೆಲವನ್ನು ಚೊಕ್ಕಟ ಮಾಡುವುದು ಅದರ ವೃತ್ತಿ.

ಹಾಗಾದರೆ ವಿಷವೂ ಬಲೆಯೂ ಇಲ್ಲದ ಪ್ರಾಣಿಗೆ ಆತ್ಮರಕ್ಷಣೆ ಹೇಗೆ? ಮೈಯ ಎರಡು ಪಕ್ಕಗಳಲ್ಲಿ ಒಂದೊಂದು ಸಣ್ಣ ರಂಧ್ರವಿದ್ದು, ಶತ್ರು ಹಿಡಿದೊಡನೆ ಅಲ್ಲಿಂದ ಕಟುವಾದ ವಾಸನೆಯುಳ್ಳ ರಸವು ಹೊರಡುವುದು. ಬ್ರೆಜಿಲಿನ ವಿಜ್ಞಾನಿಗಳು ಇಂತಹ ರಸವನ್ನು ಪರೀಕ್ಷಿಸಿ, ಇರುವೆಗಳೂ ದೊಡ್ಡ ಜೇಡಗಳೂ ಕಪ್ಪೆಯೂ ಅದಕ್ಕೆ ಹಿಂಜರಿಯುವುದನ್ನು ಕಂಡಿದ್ದಾರೆ. ಗುಂಪಾಗಿ ಕುಳಿತಿರುವಾಗ ಒಂದು ಈ ರಸವನ್ನು ಬಿಟ್ಟರೆ ಉಳಿದವುಗಳಿಗೆ ಅದೇ ಅಪಾಯದ ಸೂಚನೆಯಾಗಿ, ಗುಂಪೆಲ್ಲ ಚೆದರುವ ಜಾತಿಗಳೂ ಉಂಟು. ಸಾಮೂಹಿಕವಾಗಿ ಕುಲುಕಾಡುವುದು ಎರಡನೆಯ ಉಪಾಯ. ಹತ್ತಾರು ಮೈಗಳು ಒಮ್ಮೆಗೇ ಅಲುಗಾಡುವಾಗ ಶತ್ರುವಿಗೆ ಯಾವುದೊಂದರ ಮೇಲೂ ಗುರಿ ನಿಲ್ಲದು.

ಮೂರನೆಯ ಉಪಾಯವೇ ನಮ್ಮ ಹುಡುಗನು ಕಂಡದ್ದು. ಉದ್ದ ಕಾಲಿನ ಜಾತಿಗಳು ಶತ್ರುವು ಕಾಲನ್ನು ಹಿಡಿದರೆ ಅದನ್ನು ಬುಡದ ಕೀಲಿನಲ್ಲಿ ತಾವೇ ಕಳಚಿಕೊಂಡು ಓಡುವುವು. ಕಳಚಿಬಿದ್ದ ಕಾಲಿನ ಮೊದಲ ಉದ್ದನೆಯ ಭಾಗದಲ್ಲಿ, ಎಂದರೆ ನಮ್ಮ ತೊಡೆಗೆ ಸಮಾನವಾದ ಭಾಗದಲ್ಲಿ, ತಾನಾಗಿಯೇ ತಾಳ ಹಾಕುವಂತಹ ಒಂದು ನರಕೇಂದ್ರವಿದೆ. ಅದು ಮೈಯಿಂದ ಬೇರೆಯಾದ ಮೇಲೂ ಕಾಲಿನ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತಲೇ ಇರುವುದು. ಕೆಲವು ಜಾತಿಗಳಲ್ಲಿ ಒಂದು ನಿಮಿಷದವರೆಗೂ, ಇನ್ನು ಕೆಲವುಗಳಲ್ಲಿ ಒಂದು ಗಂಟೆಯವರೆಗೂ ಈ ಆಟವು ನಡೆಯಬಲ್ಲದು. ಶತ್ರುವು ಕುಣಿಯುವ ಕಾಲನ್ನೇ ನೋಡುತ್ತಿರಲು ಕಾಲಿನ ಯಜಮಾನನು ತಪ್ಪಿಸಿಕೊಳ್ಳುವನು. “ಆಡಿಸುತ್ತಿರುವವರು ಯಾರು?” ಎಂಬ ಪ್ರಶ್ನೆಗೆ, “ಕಾಲು ತನ್ನನ್ನು ತಾನೇ ಆಡಿಸಿಕೊಳ್ಳುತ್ತಿದೆಯಪ್ಪ” ಎಂಬುದೇ ಉತ್ತರ.

ಆದರೆ ಈ ಉಪಾಯಕ್ಕೆ ತೆರಬೇಕಾದ ಬೆಲೆ ಅಲ್ಪವಲ್ಲ. ಹಲ್ಲಿಯ ಬಾಲವು ಮತ್ತೆ ಬೆಳೆಯುವುದು. ದೀರ್ಘಪಾದಿಯ ಕಾಲು ಒಮ್ಮೆ ಹೋದರೆ ಹೋಯಿತು, ಮತ್ತೆ ಹುಟ್ಟದು. ಅದರಲ್ಲಿಯೂ ಎರಡನೆಯ ಜೋಡಿಯ ಕಾಲುಗಳು ಎಲ್ಲಕ್ಕಿಂತ ಉದ್ದವಾಗಿದ್ದು ನಡೆಯುವುದಕ್ಕಿಂತಲೂ ತಡವಿ ತಿಳಿಯುವುದಕ್ಕೆ ಉಪಯೋಗವಾಗುವುವು. ಕುರುಡನ ಕೈಯ ಕೋಲಿನಂತೆ ಅವನ್ನು ಮುಂದೆ ಚಾಚಿ ಚಾಚಿ ಇದು ಲೋಕವನ್ನು ಅರಿಯುವುದು. ಆ ಎರಡನ್ನೂ ಕಳೆದುಕೊಂಡ ದೀರ್ಘಪಾದಿಯ ಪಾಡು ಬಹಳ ಕಷ್ಟದ್ದು.

ಇನ್ನು ಈ ಮನೆತನದ ವಿಸ್ತಾರವನ್ನು ಕೇಳಿರಿ. ಇದುವರೆಗೆ ವಿವರಿಸಲ್ಪಟ್ಟಿರುವ ದೀರ್ಘಪಾದಿಗಳು ೬,೫೦೦ ಜಾತಿಗಳಿಗೂ ಹೆಚ್ಚು. ಎಂಟು ಕಾಲಿನ ಪ್ರಾಣಿಗಳಲ್ಲಿ ಉಣ್ಣೆ ನುಸಿಗಳನ್ನೂ ಜೇಡಗಳನ್ನೂ ಬಿಟ್ಟರೆ ಸಂಖ್ಯೆಯಲ್ಲಿ ಮುಂದಿನ ಸ್ಥಾನ ಇವುಗಳದೇ. ಇವುಗಳಲ್ಲಿ ನಾಲ್ಕು ದೊಡ್ಡ ಶಾಖೆಗಳಿದ್ದು, ಅವುಗಳ ಪೈಕಿ ಅತಿ ದೊಡ್ಡದಾದ ‘ಲ್ಯಾನಿಯಟೋರೀಸ್’ ಎಂಬ ಶಾಖೆಯೊಂದರಲ್ಲಿಯೇ ೪,೦೦೦ಕ್ಕೂ ಮಿಕ್ಕಿ ಜಾತಿಗಳುಂಟು. ಇವು ಬಹುಮಟ್ಟಿಗೆ ಉಷ್ಣವಲಯದ ಮಳೆಕಾಡುಗಳ ನಿವಾಸಿಗಳು. ನಾವು ಗೋಡೆಯ ಮೇಲೆ ಕಂಡ ಕೋಮಲಾಂಗಿಗಳಂತಲ್ಲದೆ, ಇವುಗಳಿಗೆ ಗಟ್ಟಿಯಾದ ಕವಚವೂ, ಕೈಯಂಥ ಮುಂದಿನ ಅಂಗಗಳಲ್ಲಿ ಮುಳ್ಳುಗಳೂ ಇರುವುವು. ಅನೇಕ ಜಾತಿಗಳ ಗಂಡುಗಳಿಗೆ ಹಿಂಗಾಲುಗಳು ದಪ್ಪವಾಗಿ ಮುಳ್ಳಿನ ಗದೆಯಂತೆ ಬೆಳೆದಿರುವುವು. ಜರ್ಮನಿಯ ರೋವರ್ ಎಂಬ ವಿದ್ವಾಂಸನು ೧೯೨೩ರಲ್ಲಿ ಭೂಮಂಡಲದ ದೀರ್ಘಪಾದಿಗಳನ್ನೆಲ್ಲ ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಇಕ್ವೆಡಾರ್ ದೇಶದ ಕಾಡಿನ ಒಂದು ಜಾತಿಯನ್ನು ಅವನೇ ೧೯೫೯ರಲ್ಲಿ ವಿವರಿಸಿದನು. ಅದರ ಬೆನ್ನಿನಿಂದ ಎರಡು ಕಿವಿಗಳಂಥ ಮೊನೆಗಳು ಎದ್ದಿರುವುದರಿಂದ ನೋಡುವವರಿಗೆ ಎಂಟು ಕಾಲುಗಳ ಮೇಲೆ ಕರಿಯ ಮೊಲದ ತಲೆಯೊಂದು ನಡೆದುಬರುತ್ತಿರುವಂತೆ ಭ್ರಾಂತಿಯಾಗುವುದು.

ಗಾತ್ರದಲ್ಲಿಯೂ ಹಾಗೆಯೇ. ಲಾವೋಸ್ ದೇಶದ ಖಮ್ಮೊವಾನ್ ಪ್ರಾಂತದ ಗುಹೆಗಳಲ್ಲಿ ಪೀಟರ್ ಯೇಗರ್ ಎಂಬ ಜರ್ಮನ್ ವಿಜ್ಞಾನಿಗೆ ೨೦೧೨ರಲ್ಲಿ ದೊರೆತ ದೀರ್ಘಪಾದಿಯ ಕಾಲುಗಳ ಹರವು ೩೩ ಸೆಂಟಿಮೀಟರಿಗೂ ಹೆಚ್ಚು, ಎಂದರೆ ಒಂದು ಅಡಿಗೂ ಮಿಕ್ಕಿದ್ದು. ಇದಕ್ಕೆ ವಿರುದ್ಧವಾಗಿ, ‘ಸೈಫಾಫ್ಥಾಲ್ಮಿ’ ಎಂಬ ಶಾಖೆಯವು ಎಳ್ಳಿನ ಕಾಳಿನಷ್ಟಿದ್ದು, ಗಿಡ್ಡ ಕಾಲುಗಳಿಂದ ತರಗೆಲೆಗಳ ಅಡಿಯಲ್ಲಿ ತೆವಳುತ್ತ ಕಾಲ ಕಳೆಯುವುವು. ಇವುಗಳಿಗೆ ಹಾರಲು ಬಾರದು, ಈಜಲು ಬಾರದು, ಒಣನೆಲವನ್ನು ದಾಟಲೂ ಆಗದು. ಆದರೂ ಇವುಗಳಲ್ಲಿ ಒಂದೇ ಮನೆತನದ ದಾಯಾದಿಗಳು ಸಿಂಹಳದ್ವೀಪ, ಮಡಗಾಸ್ಕರ್, ದಕ್ಷಿಣ ಆಫ್ರಿಕ, ಚಿಲಿ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಇಷ್ಟೂ ಕಡೆಗಳಲ್ಲಿ ಚೆದರಿಕೊಂಡಿವೆ. ಸಮುದ್ರವನ್ನು ದಾಟಿದ್ದು ಹೇಗೆ? ಅವು ದಾಟಲಿಲ್ಲ. ಅವು ನಿಂತಿದ್ದ ನೆಲವೇ ಒಡೆದು ದೂರ ಸರಿಯಿತು. ಈ ದೇಶಗಳೆಲ್ಲ ಒಂದು ಕಾಲದಲ್ಲಿ ಗೊಂಡ್ವಾನವೆಂಬ ಒಂದೇ ಭೂಖಂಡವಾಗಿದ್ದುವೆಂಬುದಕ್ಕೆ ಈ ಎಳ್ಳುಕಾಳಿನಂಥ ಪ್ರಾಣಿಗಳೂ ಸಾಕ್ಷಿ ನುಡಿಯುತ್ತಿವೆ. ಈ ಮನೆತನದ ಪ್ರಾಚೀನತೆಯೂ ಅಸಾಧಾರಣವಾದುದು. ಸ್ಕಾಟ್‌ಲೆಂಡಿನ ರೈನಿ ಎಂಬಲ್ಲಿಯ ಶಿಲೆಗಳಲ್ಲಿ ಸುಮಾರು ೪೦ ಕೋಟಿ ವರ್ಷಗಳ ಹಿಂದಿನ ದೀರ್ಘಪಾದಿಗಳು ಉಸಿರುನಾಳಗಳ ಸಮೇತವಾಗಿ ದೊರೆತಿವೆ.

ಈವರೆಗೆ ಹೇಳಿದ್ದೆಲ್ಲ ಪೀಠಿಕೆ. ಗೃಹಸ್ಥರು ಓದುವ ಈ ಪತ್ರಿಕೆಯಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಇವುಗಳ ಗೃಹಕೃತ್ಯ. ಇದೇ ನಾವು ಮೊದಲು ಹೇಳಿದ ದೊಡ್ಡ ವಿಷಯ.

ಹುಳುಗಳು ಮೊಟ್ಟೆಯನ್ನಿಟ್ಟು ಹೊರಟುಹೋಗುವುವು, ಒಂದು ವೇಳೆ ಕಾಯುವುದಿದ್ದರೂ ತಾಯಿಯೇ ಕಾಯತಕ್ಕದ್ದು, ತಂದೆಗೆ ಅಲ್ಲಿ ಕೆಲಸವಿಲ್ಲ ಎಂದು ನಾವು ಎಷ್ಟೋ ವರ್ಷ ಬೋಧಿಸಿದ್ದೆವು. ಬಹುಪಾಲು ಹುಳುಗಳ ವಿಷಯದಲ್ಲಿ ಅದು ಸರಿಯೇ. ಉಷ್ಣವಲಯದ ದೀರ್ಘಪಾದಿಗಳಲ್ಲಿ ಮಾತ್ರ ಈ ಪಾಠವು ತಲೆಕೆಳಗಾಗುವುದು.

ಪನಾಮ ದೇಶದಲ್ಲಿ ಕಾಲುವೆಗಾಗಿ ನದಿಗೆ ಕಟ್ಟೆ ಹಾಕಿದಾಗ ನೀರಿನ ನಡುವೆ ಉಳಿದ ಬೆಟ್ಟವೊಂದು ದ್ವೀಪವಾಯಿತು. ಅದರ ಹೆಸರು ಬಾರೊ ಕೊಲೊರಾಡೊ. ೧೯೨೩ರಿಂದ ಅದು ರಕ್ಷಿತವಾದ ಕಾಡು. ಅಲ್ಲಿ ‘ಜೈಗೋಪ್ಯಾಕಿಲಸ್’ ಎಂಬ ದೀರ್ಘಪಾದಿಯುಂಟು. ಇದರ ಗಂಡು ಮರದ ಕಾಂಡದ ಮೇಲೆ ಮಣ್ಣಿನಿಂದ ಗುಂಡಗೆ ಒಂದು ಬಟ್ಟಲನ್ನು ಕಟ್ಟಿ, ಅದರೊಳಗೆ ಕುಳಿತು ಕಾಯುವುದು. ಹೆಣ್ಣು ಬಂದು ಬಟ್ಟಲಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುವುದು. ಬಂದವಳನ್ನೆಲ್ಲ ಗಂಡು ಒಪ್ಪುವುದೂ ಇಲ್ಲ, ಒಲ್ಲದವಳನ್ನು ಓಡಿಸುವುದೂ ಉಂಟು. ಅಲ್ಲಿಂದ ಮುಂದೆ ಮನೆವಾರ್ತೆಯೆಲ್ಲ ತಂದೆಯದು. ಮೊಟ್ಟೆಗಳ ಮೇಲೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು, ಗೂಡನ್ನು ದುರಸ್ತು ಮಾಡುವುದು, ಇರುವೆಗಳನ್ನು ಅಟ್ಟುವುದು ಎಲ್ಲವೂ ಅವನ ಪಾಲಿನದೇ. ಮೋರಾ ಎಂಬ ವಿಜ್ಞಾನಿಯು ೧೯೯೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯಿಲ್ಲದ ಗೂಡಿನ ಮೊಟ್ಟೆಗಳು ಇರುವೆಗಳಿಗೂ ಬೂಷ್ಟಿಗೂ ಸ್ವಜಾತಿಯ ಕಳ್ಳರಿಗೂ ತುತ್ತಾದುದು ಕಂಡುಬಂದಿದೆ.

ಇದಕ್ಕಿಂತಲೂ ವಿಚಾರಯೋಗ್ಯವಾದ ನಿದರ್ಶನವು ಬ್ರೆಜಿಲಿನದು. ಆ ದೇಶದ ಪೂರ್ವತೀರದ ಉದ್ದಕ್ಕೂ ಅಟ್ಲಾಂಟಿಕ್ ಕಾಡೆಂಬ ಮಳೆಕಾಡಿದೆ. ದೀರ್ಘಪಾದಿಗಳ ಸಂಪತ್ತಿನಲ್ಲಿ ಅದಕ್ಕೆ ಸಮನಾದ ಪ್ರದೇಶಗಳು ವಿರಳ. ಸಾವೊ ಪಾಲೊ ಪ್ರಾಂತದಲ್ಲಿ, ಇದೇ ಕಾಡಿನ ತೊರೆಗಳ ದಡದಲ್ಲಿ, ಒಂದೇ ಬಗೆಯ ಎಲೆಗಳ ಅಡಿಯಲ್ಲಿ ಎರಡು ಸಮೀಪಬಂಧುಗಳಾದ ಜಾತಿಗಳು ಮೊಟ್ಟೆಯಿಡುವುವು. ‘ಇಪೊರಂಗಾಯ’ ಎಂಬ ಮೊದಲನೆಯದರಲ್ಲಿ ಹೆಣ್ಣು ಮೊಟ್ಟೆಗಳಿಗೆ ಲೋಳೆಯ ಹೊದಿಕೆಯನ್ನು ಹೊದಿಸಿ ಹೊರಟುಹೋಗುವುದು, ಕಾಯುವವನು ತಂದೆ. ‘ಅಕ್ಯುಟಿಸೋಮ’ ಎಂಬ ಎರಡನೆಯದರಲ್ಲಿ ಕಾಯುವವಳು ತಾಯಿ. ಸಾವೊ ಪಾಲೊ ವಿಶ್ವವಿದ್ಯಾನಿಲಯದ ಗ್ಲಾಕೊ ಮಚಾದೊ ಅವರೂ ಅವರ ಶಿಷ್ಯರೂ ಎರಡು ಜಾತಿಗಳಲ್ಲಿಯೂ ಕೆಲವು ಕಾವಲುಗಾರರನ್ನು ತೆಗೆದುಬಿಟ್ಟು ಪರೀಕ್ಷಿಸಿದರು. ಇದರ ಫಲವು ೨೦೦೯ರಲ್ಲಿ ಪ್ರಕಟವಾಯಿತು. ಕಾವಲಿಲ್ಲದ ಮೊಟ್ಟೆಗಳು ಎರಡರಲ್ಲಿಯೂ ಬಹಳವಾಗಿ ಶತ್ರುಗಳ ಪಾಲಾದುವು. ಕಾವಲಿದ್ದಲ್ಲಿ, ತಾಯಿಯಾಗಲಿ ತಂದೆಯಾಗಲಿ, ಮೊಟ್ಟೆಗಳು ಉಳಿದುವು.

ಮತ್ತೊಂದು ಸ್ವಾರಸ್ಯವನ್ನು ಕೇಳಿರಿ. ತಾಯಿಯೇ ಕಾಯುವ ಅಕ್ಯುಟಿಸೋಮದಲ್ಲಿ ಬಲಿಷ್ಠನಾದ ಗಂಡು ಕೆಲವು ಗಿಡಗಳನ್ನು ತನ್ನ ಎಲ್ಲೆಯನ್ನಾಗಿ ಮಾಡಿಕೊಂಡು, ಎರಡನೆಯ ಜೋಡಿಯ ನೀಳವಾದ ಕಾಲುಗಳಿಂದ ಪ್ರತಿಸ್ಪರ್ಧಿಗಳನ್ನು ಹೊಡೆದಟ್ಟುತ್ತಿರುವನು. ಮೊಟ್ಟೆಯ ಕಡೆಗೆ ಅವನ ಗಮನವಿಲ್ಲ. ಆದರೆ ತಾಯಿಯು ಕಾಣೆಯಾದರೆ, ಆ ಯುದ್ಧಪ್ರಿಯನು ತಾನೇ ಬಂದು ಸ್ವಲ್ಪ ಕಾಲ ಮೊಟ್ಟೆಗಳ ಬಳಿ ಕಾವಲು ನಿಲ್ಲುವುದನ್ನು ಕಂಡಿದ್ದಾರೆ. ತಾಯ್ತನದ ಕೆಲಸವನ್ನು ಅವನಿಗೆ ಯಾರೂ ಕಲಿಸಲಿಲ್ಲ, ಆದರೂ ಅದು ಅವನೊಳಗೆ ಇತ್ತು.

ತಂದೆಯಾದವನಿಗೆ ಇದರಿಂದ ಲಾಭವೇನು ಎಂದು ವ್ಯವಹಾರಜ್ಞರಾದ ವಾಚಕರು ಕೇಳಬಹುದು. ಕಾಯುವ ತಂದೆಗೆ ಆಹಾರ ಹುಡುಕಲು ಬಿಡುವಿಲ್ಲ, ಅವನು ಕೃಶನಾಗುವನು. ಇಷ್ಟು ನಷ್ಟ ನಿಜವೇ. ಆದರೂ ಇಪೊರಂಗಾಯವನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವನ ಆಯುಸ್ಸಿಗೆ ಅದರಿಂದ ಕುಂದಿಲ್ಲ. ಹೆಣ್ಣಿಗಾದರೋ ಮುಂದಿನ ಮೊಟ್ಟೆಗಳನ್ನು ತುಂಬಿಕೊಳ್ಳುವುದಕ್ಕೆ ಹೊಟ್ಟೆತುಂಬ ಆಹಾರ ಬೇಕು. ಒಂದೆಡೆ ಕಾವಲು ಕುಳಿತರೆ ಅವಳ ಮುಂದಿನ ಸಂತಾನವೇ ಕಡಿಮೆಯಾಗುವುದು. ತಂದೆಯು ಕುಳಿತಲ್ಲಿಗೇ ಬೇರೆ ಹೆಣ್ಣುಗಳೂ ಬಂದು ಮೊಟ್ಟೆಯಿಡುವುದರಿಂದ ಅವನ ವಂಶವು ಕಾವಲಿನಲ್ಲಿಯೇ ಬೆಳೆಯುವುದು. ಇಷ್ಟೇ ಅಲ್ಲದೆ, ಇದೇ ಬ್ರೆಜಿಲಿನ ಇನ್ನೊಂದು ಜಾತಿಯಲ್ಲಿ, ಬರಿಗೈಯ ಗಂಡಿಗಿಂತ ಆಗಲೇ ಮೊಟ್ಟೆಗಳನ್ನು ಕಾಯುತ್ತಿರುವ ಗಂಡನ್ನೇ ಹೆಣ್ಣುಗಳು ಆರಿಸಿಕೊಳ್ಳುವುದು ಕಂಡುಬಂದಿದೆ. ಮುಳ್ಳಿನ ಗದೆಯನ್ನೂ ಉದ್ದವಾದ ಕಾಲನ್ನೂ ನೋಡದೆ, ಮಕ್ಕಳನ್ನು ಸಾಕಬಲ್ಲವನೇ ಎಂಬುದನ್ನು ನೋಡಿ ವರನನ್ನು ಆರಿಸುವ ಹೆಣ್ಣನ್ನು ಅವಿವೇಕಿಯೆನ್ನಲಾದೀತೆ?

ಹೀಗೆಂದು ಈ ಪ್ರಾಣಿಗಳನ್ನು ಸದಾಚಾರದ ಮಾದರಿಗಳೆಂದು ನಾವು ಎತ್ತಿ ಹಿಡಿಯುತ್ತಿಲ್ಲ. ನೆರೆಯವನ ಮೊಟ್ಟೆಗಳನ್ನು ಕದ್ದು ತಿನ್ನುವುದೂ ಇವುಗಳಲ್ಲಿ ಉಂಟೆಂಬುದನ್ನು ಆಗಲೇ ಹೇಳಿದ್ದೇವೆ. ಹುಳುವಿನ ನಡತೆಯಿಂದ ಮನುಷ್ಯನಿಗೆ ಧರ್ಮಶಾಸ್ತ್ರವನ್ನು ತೆಗೆಯುವುದು ತರವಲ್ಲ. ಆದರೆ “ಕೂಸನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸ, ಪ್ರಕೃತಿಯಲ್ಲಿಯೇ ಹಾಗಿದೆ” ಎಂದು ಪ್ರಕೃತಿಯನ್ನು ಸಾಕ್ಷಿಗೆ ಕರೆದು ಜಗಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತುಕೊಳ್ಳುವ ನಮ್ಮಂಥ ಗೃಹಸ್ಥರಿಗೆ ಇಷ್ಟನ್ನು ತಿಳಿಸಬಹುದು: ಪ್ರಕೃತಿಯು ಅಂತಹ ಸಾಕ್ಷ್ಯವನ್ನು ಹೇಳಲು ಒಪ್ಪುವುದಿಲ್ಲ. ಒಂದೇ ತೊರೆಯ ದಡದಲ್ಲಿ ಅವಳು ಎರಡು ಬಗೆಯ ಸಂಸಾರಗಳನ್ನೂ ನಡೆಸಿ ತೋರಿಸಿದ್ದಾಳೆ.

ಕೊನೆಯದಾಗಿ ಒಂದು ವ್ಯಥೆಯ ಮಾತು. ದೀರ್ಘಪಾದಿಗಳಿಗೆ ತೇವವಿಲ್ಲದೆ ಬದುಕಿಲ್ಲ, ದೂರ ಪ್ರಯಾಣ ಮಾಡುವ ಶಕ್ತಿಯೂ ಇಲ್ಲ. ಆದುದರಿಂದ ಎಷ್ಟೋ ಜಾತಿಗಳು ಒಂದು ಬೆಟ್ಟದ ಸಾಲಿಗೆ, ಕೆಲವು ಒಂದೇ ಗುಹೆಗೆ ಸೀಮಿತವಾಗಿವೆ. ಆ ಕಾಡು ಹೋದರೆ ಜಾತಿಯೇ ಹೋದಂತೆ. ಅಟ್ಲಾಂಟಿಕ್ ಕಾಡಿನ ಬಹುಭಾಗವನ್ನು ಮನುಷ್ಯನು ಆಗಲೇ ಕಡಿದುಬಿಟ್ಟಿದ್ದಾನೆ. ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ದೀರ್ಘಪಾದಿಗಳುಂಟು. ಮಳೆಗಾಲದಲ್ಲಿ ಮಲೆನಾಡಿನ ಬಚ್ಚಲಮನೆಯ ಗೋಡೆಯ ಮೇಲಾಗಲಿ, ಬಾವಿಯ ಕಟ್ಟೆಯ ಒಳಮೈಯಲ್ಲಾಗಲಿ ಅವು ಕಂಡರೆ ಪೊರಕೆಯನ್ನು ಎತ್ತಬೇಡಿರಿ. ಅವು ಕಚ್ಚವು, ಬಲೆ ಕಟ್ಟವು, ಧಾನ್ಯವನ್ನು ಕೆಡಿಸವು. ತೀರ ಅಡ್ಡಿಯಾದರೆ ಒಂದು ಕಾಗದದ ಮೇಲೆ ಹತ್ತಿಸಿಕೊಂಡು ಅಂಗಳದಾಚೆಯ ಗಿಡದ ಬುಡದಲ್ಲಿ ಬಿಡಿರಿ. ಕಾಲನ್ನು ಹಿಡಿದು ಎತ್ತಬಾರದು, ಏಕೆಂದು ಈಗ ನೀವು ಬಲ್ಲಿರಿ.

ಅಂದು ಪೊರಕೆ ಹಿಡಿದಿದ್ದ ಹುಡುಗನು ಈಗ ಎಲ್ಲಿರುವನೋ ನಾವರಿಯೆವು. ಅವನೂ ಗೃಹಸ್ಥನಾಗಿ ಮಕ್ಕಳ ತಂದೆಯಾಗಿರಬೇಕು. ಈ ಪತ್ರಿಕೆಯು ಅವನ ಮನೆಗೂ ಹೋಗುತ್ತಿದ್ದರೆ ಅವನಿಗೆ ನಮ್ಮದೊಂದು ಮಾತು: ಅಪ್ಪಾ, ಅಂದು ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ, ಉತ್ತರ ಬಾರದೆ ಗದರಿಸಿದ್ದು ನಮ್ಮ ತಪ್ಪು. ನಿನ್ನ ಮಕ್ಕಳು ಏನನ್ನಾದರೂ ಕೇಳಿದಾಗ ಉತ್ತರ ತಿಳಿಯದಿದ್ದರೆ, “ನನಗೆ ತಿಳಿಯದು, ಇಬ್ಬರೂ ಕೂಡಿ ನೋಡೋಣ” ಎಂದು ಹೇಳು. ನಮ್ಮಂತೆ ಮೂವತ್ತು ವರ್ಷ ಸಾಲವನ್ನು ಹೊತ್ತು ತಿರುಗಬೇಡ.